ದಾಟಿದವರ ಲೆಕ್ಕ

ಡಾಕರಿನ ಆ ನಾಲ್ಕು ರಸ್ತೆ ಕೂಡುವಲ್ಲಿ
ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು,
ಕೈಗೊಂದು ಲೆಕ್ಕದ ಡಬ್ಬಿ.
ಯಾರಾದರೂ ದಾಟಿದರೆ ಹೆಬ್ಬೆರಳಲ್ಲಿ ಒಮ್ಮೆ ಒತ್ತು.
ಕಟಕ್.
ಅಷ್ಟೇ ಕೆಲಸ. ದಿನಕ್ಕೆ ಆರು ಸಾವಿರ ಫ್ರಾಂಕು,
ಮಧ್ಯಾಹ್ನದ ಅನ್ನ ಮೀನು ನಿನ್ನ ಖರ್ಚು.

ಹಾಳೆಯಲ್ಲಿ ಮೂರು ಸಾಲು:
ನಡೆಯುವವರು, ಗಾಡಿ ತಳ್ಳುವವರು, ಅಡ್ಡಿ.
ಅಡ್ಡಿ ಅಂದರೆ ಯಾರು ಸಾಹೇಬರೇ, ಕೇಳಿದೆ.
ನಿಂತವರು, ಅಂದರು ಫಾಯ್ ಸಾಹೇಬರು.
ನಿಲ್ಲುವುದಕ್ಕೆಂದು ಇರುವ ಜಾಗವಲ್ಲ ಇದು.

ಮೊದಲ ದಿನವೇ ಕೆಟ್ಟಿತು ಲೆಕ್ಕ.
ಇಲ್ಲಿ ಯಾರೂ ಸುಮ್ಮನೆ ದಾಟುವುದಿಲ್ಲ.
ನಡುರಸ್ತೆಯಲ್ಲಿ ಎದುರಾದವರು ಕೈ ಹಿಡಿದುಕೊಂಡು
ಅಪ್ಪ ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ,
ಕೆಲಸ ಹೇಗೆ, ಸೆಕೆ ಹೇಗೆ, ತಾರಸಿಯ ಮೇಲಿನ ಟಗರು ಹೇಗೆ.
ಹಿಂದೆ ಹಾರ್ನುಗಳು ಬೊಬ್ಬಿಡುತ್ತಿದ್ದರೂ
ಎಲ್ಲಕ್ಕೂ ಸಾವಧಾನದ ಒಂದೇ ಉತ್ತರ: ಮಾಂಗಿ ಫಿ.
ಇಲ್ಲೇ ಇದ್ದೀನಿ.
ಚೆನ್ನಾಗಿದ್ದೀನಿ ಅನ್ನುವುದಿಲ್ಲ ನಮ್ಮ ಮಾತಲ್ಲಿ.
ಇಲ್ಲೇ ಇದ್ದೀನಿ, ಸಾಕು.
ಇವರನ್ನು ಯಾವ ಸಾಲಿಗೆ ಬರೆಯಲಿ?

ಮೂಲೆಯ ಬೇವಿನ ಬುಡದಲ್ಲಿ ನ್ದೆಲ್ಲಾ ಕಾಫಿ ಗಾಡಿ.
ಎತ್ತರದಿಂದ ಲೋಟಕ್ಕೆ, ಲೋಟದಿಂದ ಲೋಟಕ್ಕೆ
ಖಾರದ ಘಮದ ಕಪ್ಪು ದಾರ ಎಳೆಯುತ್ತಾಳೆ.
ನೀಲಿ ಹಳದಿ ವ್ಯಾನಿನ ಹಿಂಬಾಗಿಲಿಗೆ ಜೋತುಬಿದ್ದ ಬಿರಾನ್
ನಾಣ್ಯದಿಂದ ತಗಡು ಬಡಿದು ಕೂಗುತ್ತಾನೆ:
ನ್ದೆಲ್ಲಾ ಹತ್ತಿರ! ಇಳೀರಿ, ನ್ದೆಲ್ಲಾ ಹತ್ತಿರ!
ಸರಕಾರದ ನಕ್ಷೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು.
ಯಾರ ಬಾಯಲ್ಲೂ ಇರಲಿಲ್ಲ.

ಆಮೇಲೆ ಬಂತು ಕಬ್ಬಿಣದ ಬೇಲಿ.
ಬೇವು ಹೋಯಿತು. ಹದಿನಾಲ್ಕು ತಿಂಗಳು ಧೂಳು.
ಒಂದು ಬೆಳಗ್ಗೆ, ಸದ್ದೇ ಇಲ್ಲದೆ,
ಕರೆಂಟಿನ ಬಸ್ಸು.

ಸುಳ್ಳು ಯಾಕೆ ಹೇಳಲಿ, ತಣ್ಣಗಿದೆ ಬಸ್ಸು.
ಹೆರಿಗೆ ಆಸ್ಪತ್ರೆಯ ಯಾಂದೆ ಮೊದಲು
ಎರಡು ವ್ಯಾನು ಬದಲಿಸಿ, ಮೊಣಕಾಲು ಹಿಸುಕಿಕೊಂಡು
ಮನೆ ಸೇರುವಾಗ ಮಗಳಿಗೆ ಒಂದು ನಿದ್ದೆ ಆಗಿರುತ್ತಿತ್ತು.
ಈಗ ಎಚ್ಚರವಿರುತ್ತಾಳೆ.
ಅಮ್ಮನ ಜಡೆ ಬಿಚ್ಚುತ್ತಾಳೆ.
ಇದಕ್ಕೂ ಹಾಳೆಯಲ್ಲಿ ಸಾಲಿಲ್ಲ.

ಬಿರಾನನಿಗೆ ಸಮವಸ್ತ್ರ ಕೊಟ್ಟರು, ಟಿಕೆಟ್ ನೋಡುವ ಕೆಲಸ.
ಹನ್ನೊಂದು ವರ್ಷ ಗಾಡಿಯ ಹೊರಗೇ ಪ್ರಯಾಣ ಮಾಡಿದವನು
ಒಳಗೆ ನಿಂತು, ಕೈ ಎಲ್ಲಿಡಬೇಕೋ ತಿಳಿಯದೆ
ಆಗಾಗ ಕಿಟಕಿ ತಟ್ಟುತ್ತಾನೆ.
ಯಂತ್ರದ ಹೆಂಗಸು ಫ್ರೆಂಚಿನಲ್ಲಿ ನಿಲ್ದಾಣದ ಹೆಸರು ಹೇಳುತ್ತಾಳೆ.
ಹಳ್ಳಿಯಿಂದ ಬಂದ ಮುದುಕಿ ಪಕ್ಕದವನ ತೋಳು ಹಿಡಿದು
ಏನಂದಳು ಅವಳು?
ನ್ದೆಲ್ಲಾ ಹತ್ತಿರ ಅಂದಳು, ಅಜ್ಜಿ. ಇಳೀರಿ.
ನ್ದೆಲ್ಲಾ ಈಗ ಮುನ್ನೂರು ಮೀಟರು ಆಚೆ,
ಮೇಲ್ಸೇತುವೆಯ ಮೆಟ್ಟಿಲ ಕೆಳಗಿದ್ದಾಳೆ.
ಹೆಸರು ಮಾತ್ರ ಇಲ್ಲೇ ಉಳಿದಿದೆ.

ಎರಡನೇ ಎಣಿಕೆಗೆ ಮತ್ತೆ ನನ್ನನ್ನೇ ಕರೆದರು.
ಅದೇ ಕುರ್ಚಿ. ಒಂದು ಕಾಲಿಗೆ ತಂತಿ ಸುತ್ತಿದ್ದಾರೆ.
ಇಡೀ ದಿನ ಡಬ್ಬಿಯಲ್ಲಿ ಸೊನ್ನೆ.
ಬೇಲಿ ಗಟ್ಟಿಯಾಗಿದೆ. ಅಡ್ಡಿ, ಅದೂ ಸೊನ್ನೆ.

ಸಂಜೆ ನಮಾಜು ಮುಗಿದ ಹೊತ್ತು.
ಈಚೆಗೆ ದರ್ಜಿ ಗೊರ್ಗಿ, ಆಚೆಗೆ ಮೀನಿನ ಮಂಡಿಯ ಮುದುಕ ಲತೀರ್,
ಮೇಲ್ಸೇತುವೆ ಹತ್ತುವ ಮಂಡಿ ಇಬ್ಬರಿಗೂ ಇಲ್ಲ.
ಬೇಲಿಯ ಸರಳು ಹಿಡಿದು ಒಬ್ಬ ಕೂಗಿದ:
ಮನೆಯವರು ಹೇಗಿದ್ದಾರೋ?
ನಡುವೆ ಬಸ್ಸು ಹೋಯಿತು.
ಕಾದರು.
ಇನ್ನೊಂದು ಹೋಯಿತು.
ಕಾದರು.
ಆಮೇಲೆ, ಎರಡು ಬೇಲಿ ಹಾರಿ, ಒಡಕು ದನಿಯಲ್ಲಿ
ಮಾಂಗಿ ಫಿ!

ಕಟಕ್.

ಮಾರನೆಯ ದಿನ ಫಾಯ್ ಸಾಹೇಬರು ಕನ್ನಡಕ ಏರಿಸಿದರು.
ಇದೇನಯ್ಯಾ, ಒಂದು? ಬೇಲಿ ಎಲ್ಲಾದರೂ ಮುರಿದಿದೆಯಾ?
ಇಲ್ಲ ಸಾಹೇಬರೇ.
ಹಾಗಾದರೆ ದಾಟಿದ್ದು ಯಾರು?
ಹೆಬ್ಬೆರಳು ನೋಡಿಕೊಂಡೆ.
ಡಬ್ಬಿ ಹಳೆಯದು, ಅಂದೆ.